ಒಡಕು ದನಿಯ ಹೋರಿ

ಐದು ದಿನಗಳಲ್ಲಿ ರೋವೀನಾ ಟೀಗ್ ಕರೆದು ತರಿಸಿಕೊಂಡದ್ದು ಏಳು ಮಂದಿ ಬೇಟೆಗಾರರನ್ನು. ಎಲ್ಕ್ ಜಿಂಕೆ ಒಂದೂ ಬರಲಿಲ್ಲ.

ಮೊದಲ ದಿನ ಬಂದವರು ಒಹಾಯೊ ಕಡೆಯ ಇಬ್ಬರು. ನಲವತ್ತು ನಿಮಿಷ ಅವಳು ಹೆಣ್ಣು ಎಲ್ಕಿನ ದನಿ ಮಾಡಿದ್ದಳು, ಅವರು ಗಂಡಿನ ದನಿಯಲ್ಲಿ ಕೂಗಿ ಉತ್ತರ ಕೊಟ್ಟಿದ್ದರು. ಕೊನೆಗೆ ಪೊದೆ ಸರಿಸಿಕೊಂಡು ಮೊಣಕಾಲಲ್ಲಿ ತೆವಳಿ ಬಂದ ದಪ್ಪ ಮನುಷ್ಯನೊಬ್ಬ ಅವಳನ್ನು ಕಂಡು ಅಲ್ಲೇ ಕುಕ್ಕರಿಸಿದ.

“ನೀವೇನಾ ಹಸು?”

“ನೀವೇನಾ ಹೋರಿ?”

“ಯಾರಿಗೂ ಹೇಳ್ಬೇಡಿ ಮತ್ತೆ,” ಎಂದು ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. “ಹದಿನೆಂಟು ಗಂಟೆ ಗಾಡಿ ಓಡಿಸ್ಕೊಂಡು ಬಂದಿದ್ದೀನಿ, ನಿಮ್ಮನ್ನ ನೋಡೋಕೆ.”

ಅಲ್ಲಿಯವರ ಬಾಯಲ್ಲಿ ಗಂಡು ಎಲ್ಕ್ ಹೋರಿ, ಹೆಣ್ಣು ಹಸು. ಸೆಪ್ಟೆಂಬರಿನಲ್ಲಿ ಬೆದೆಗೆ ಬಂದ ಹೋರಿ ಬೆಟ್ಟವೆಲ್ಲ ಕೇಳುವಂತೆ ಕೂಗುತ್ತದೆ. ಬಿಲ್ಲುಬೇಟೆಗೆ ಅನುಮತಿಯಿರುವ ತಿಂಗಳೂ ಅದೇ. ಫ್ಲಾಟ್ ಟಾಪ್ಸ್ ಬೆಟ್ಟದ ಕಾಡು ಸರ್ಕಾರದ್ದು, ಬೇಟೆಯ ಪರವಾನಗಿ ಚೀಟಿ ಪಡೆದವರು ಯಾರು ಬೇಕಾದರೂ ಹತ್ತಬಹುದು. ಹದಿನೆಂಟನೇ ತಾರೀಖು ಬೆಳಿಗ್ಗೆ ಕಾಲುದಾರಿಯ ಬುಡದಲ್ಲಿ ಇಪ್ಪತ್ತಾರು ಗಾಡಿಗಳು ನಿಂತಿದ್ದವು. ಒಬ್ಬೊಬ್ಬರ ಬಾಯಲ್ಲೂ ಅಂಗುಳಕ್ಕೆ ಅಂಟುವ ರಬ್ಬರ್ ಪೀಪಿ, ಕೈಯಲ್ಲಿ ಪ್ಲಾಸ್ಟಿಕ್ ಕೊಳವೆ. ಫೋನಿನಲ್ಲಿ ನೋಡಿ ನೋಡಿ ಎಲ್ಲರೂ ಕಲಿತುಬಿಟ್ಟಿದ್ದರು. ತಗ್ಗಿನಿಂದ ಎದ್ದು, ಏರಿ, ತುದಿಯಲ್ಲಿ ಸಿಳ್ಳೆಯಾಗುವ ಆ ಕೂಗನ್ನು ಈಗ ಯಾವ ಊರಿನವನೂ ಚೊಕ್ಕವಾಗಿ ಕೂಗಬಲ್ಲ. ಕೂಗದೆ ಸುಮ್ಮನಾದವು ಎಲ್ಕ್‌ಗಳು ಮಾತ್ರ.

ರೋವೀನಾಳಿಗೆ ಐವತ್ತೇಳು. ಚಳಿಗಾಲದಲ್ಲಿ ರಸ್ತೆಯ ಹಿಮ ಸರಿಸುವ ಗಾಡಿ ಓಡಿಸುವುದು ಅವಳ ಕೆಲಸ. ಅವಳು ಬಿಲ್ಲು ಹಿಡಿದವಳಲ್ಲ, ಕರೆಯುವವಳು. ಬಿಲ್ಲು ಅಣ್ಣ ಹಾರ್ಲನ್‌ನದು. ಅವನು ಮುಂದೆ ಅಡಗಿ ಕೂರುತ್ತಾನೆ, ಅವಳು ಹಿಂದೆ ಕೂತು ಕರೆಯುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ಹೀಗೇ. ಅವಳ ದನಿಗೆ ಬಂದ ಒಂಬತ್ತು ಹೋರಿಗಳನ್ನು ಅವನು ಹೊಡೆದಿದ್ದ.

ಕಳೆದ ನವೆಂಬರಿನಲ್ಲಿ ಹಾರ್ಲನ್‌ಗೆ ಕಾಫಿ ಲೋಟ ಕೈಯಿಂದ ಜಾರಿತು. ಫೆಬ್ರವರಿಯ ಹೊತ್ತಿಗೆ ಕಾಯಿಲೆಯ ಹೆಸರು ಗೊತ್ತಾಯಿತು. ಸ್ನಾಯುಗಳು ಒಂದೊಂದಾಗಿ ಕೆಲಸ ಬಿಡುವ ಕಾಯಿಲೆ, ಔಷಧಿ ಇಲ್ಲ. ಎಡಗೈ ಇನ್ನೂ ಗಟ್ಟಿಯಾಗಿತ್ತು. ಹೆದೆ ಎಳೆಯಬೇಕಾದ ಬಲಗೈಯೇ ಸೋಲುತ್ತಿತ್ತು. ಎಳೆಯಲು ಅರವತ್ತೆರಡು ಪೌಂಡಿನ ಬಲ ಬೇಕಿದ್ದ ಬಿಲ್ಲನ್ನು ಅವನು ಐವತ್ತಕ್ಕೆ ಸಡಿಲಿಸಿದ, ಆಮೇಲೆ ನಲವತ್ತೊಂದಕ್ಕೆ, ಆಗಸ್ಟಿನಲ್ಲಿ ಮೂವತ್ತಾರಕ್ಕೆ. ಮೂವತ್ತೈದಕ್ಕಿಂತ ಕೆಳಗಿಳಿದರೆ ಕಾನೂನು ಒಪ್ಪುವುದಿಲ್ಲ.

“ಡಾಕ್ಟರ್ ಬರೆದುಕೊಟ್ರೆ ಅಡ್ಡಬಿಲ್ಲಿಗೆ ಅನುಮತಿ ಸಿಗುತ್ತಂತೆ,” ಎಂದು ರೋವೀನಾ ಒಮ್ಮೆ ಹೇಳಿ ನೋಡಿದ್ದಳು. “ಅದನ್ನ ಎಳೆದು ಹಿಡ್ಕೊಂಡಿರೋದೇ ಬೇಡ. ಕೀಲಿ ತಿರುಗಿಸಿ ಸಿಕ್ಕಿಸೋದು, ಒತ್ತೋದು.”

“ಹಾಗಾದ್ರೆ ಹೋರಿನ ಗಾಡಿ ಗುದ್ದಿಸಿ ಕೊಲ್ಲೋಣ ಬಿಡು. ಅದೂ ಸುಲಭ.”

“ಹಟಮಾರಿ.”

“ಈ ವರ್ಷ ನನ್ನ ಕೈಯಲ್ಲೇ ಎಳೀತೀನಿ ರೋ. ಒಂದೇ ಒಂದು. ಆಮೇಲೆ ನೀನು ಏನು ಹೇಳಿದ್ರೂ ಕೇಳ್ತೀನಿ.”

ಮುಂದಿನ ಸೆಪ್ಟೆಂಬರಿಗೆ ಆ ಕೈ ಮೇಲೇಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹದಿನೆಂಟರ ಆ ಬೆಳಿಗ್ಗೆ ಅವರು ನಾಲ್ಕು ಗಂಟೆಗೇ ಹೊರಟರು. ಉಳಿದವರು ಮುಕ್ಕಾಲು ಗಂಟೆಯಲ್ಲಿ ಏರುವ ದಾರಿಗೆ ಹಾರ್ಲನ್‌ಗೆ ಎರಡು ಗಂಟೆ ಬೇಕಾಯಿತು. ಬೆಳಕು ಹರಿಯುವಾಗ ಸ್ಪ್ರೂಸ್ ಮರಗಳ ದಟ್ಟಣೆಯ ಅಂಚಿಗೆ ಬಂದು ನಿಂತರು. ರೋವೀನಾ ಸಣ್ಣ ಬಾಟಲಿಯಿಂದ ಪುಡಿ ಹಾರಿಸಿ ಗಾಳಿ ನೋಡಿದಳು. ಬಿಸಿಲು ಬೀಳುವವರೆಗೆ ಬೆಟ್ಟದ ಗಾಳಿ ಇಳಿಜಾರಿಗೆ ಹರಿಯುತ್ತದೆ. ಹೋರಿ ಎಂದೂ ನೇರವಾಗಿ ಬರುವುದಿಲ್ಲ, ಸುತ್ತು ಹಾಕಿ, ಕರೆಯುವವಳ ವಾಸನೆ ಸಿಗುವ ಕಡೆಯಿಂದಲೇ ಬರುತ್ತದೆ. ಆದ್ದರಿಂದ ಅವಳು ಮೇಲೆ ಉಳಿದಳು, ಹಾರ್ಲನ್ ಐವತ್ತು ಗಜ ಕೆಳಗೆ ಬಿದ್ದ ಮರದ ಹಿಂದೆ ಕೂತ. ಬರುವುದಾದರೆ ಇಬ್ಬರ ನಡುವೆ ಬರಬೇಕು.

ಜನ ತುಂಬಿದ ಕಾಡಿನಲ್ಲಿ ಜೋರಾಗಿ ಕರೆಯುವುದು ದಡ್ಡತನ. ಅವಳು ಒಂದು ಸಣ್ಣ ಮಿಡುಕು ಹೊರಡಿಸಿದಳು, ಹಿಂಡು ತಪ್ಪಿದ ಹಸುವಿನಂತೆ. ಒಂದು ಒಣ ಕೊಂಬೆ ಮುರಿದಳು. ಹತ್ತು ನಿಮಿಷ ಬಿಟ್ಟು ಇನ್ನೊಂದು ಮಿಡುಕು.

ಬಲಗಡೆಯ ದಟ್ಟಣೆಯಿಂದ ಉತ್ತರ ಬಂತು.

ಅದನ್ನು ಕೇಳಿ ಅವಳು ಹುಬ್ಬು ಗಂಟಿಕ್ಕಿದಳು. ತಗ್ಗಿನ ದನಿಯೇ ಇಲ್ಲ. ನಡುವೆ ಒಡೆದು, ಕೊನೆಗೆ ಸಿಳ್ಳೆಯಾಗದೆ ಕೆಮ್ಮಿನಂತೆ ನಿಂತುಹೋಯಿತು. ಪೀಪಿಗೆ ಎಂಜಲು ತುಂಬಿಸಿಕೊಂಡ ಹೊಸಬರು ಮೊದಲ ವಾರ ಹೀಗೇ ಊದುತ್ತಾರೆ. ಅವಳು ಪರೀಕ್ಷೆಗೆಂದು ಮತ್ತೊಮ್ಮೆ ಕರೆದಳು. ಅವಳ ದನಿ ಮುಗಿಯುವ ಮೊದಲೇ ಅದು ಕೂಗಿತು. ಅದೂ ಹೊಸಬರ ಲಕ್ಷಣ, ತಡೆದುಕೊಳ್ಳಲು ಆಗುವುದಿಲ್ಲ. ಎಂಟನೆಯವನು ಎಂದುಕೊಂಡಳು.

ಕೂಗು ಹತ್ತಿರವಾಗುತ್ತಿತ್ತು, ಕೆಳಕ್ಕೆ ಸುತ್ತುತ್ತಿತ್ತು. ಕಡ್ಡಿ ಮುರಿದ ಸದ್ದು ಕೇಳಿಸಿತು.

ಆ ಬೆಟ್ಟದಲ್ಲಿ ಎಲ್ಲೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಒಂದು ರೀತಿಯಿದೆ. ಎದುರಿನ ದನಿ ಮನುಷ್ಯನದು ಎಂದು ಗೊತ್ತಾದ ಕೂಡಲೇ ಕರೆಯುವುದನ್ನು ನಿಲ್ಲಿಸಬೇಕು, ಎದ್ದು ನಿಂತು ಕಾಣಿಸಿಕೊಳ್ಳಬೇಕು. ಮರ್ಯಾದೆಯ ಮಾತು ಮಾತ್ರವಲ್ಲ, ಕೆಳಗೆ ಹಾರ್ಲನ್ ಹೆದೆಗೆ ಬಾಣ ಹೂಡಿ ಕೂತಿದ್ದಾನೆ. ಯಾರೋ ಅಪರಿಚಿತ ಎಲೆ ಬಣ್ಣದ ಬಟ್ಟೆ ಹಾಕಿಕೊಂಡು ಅವನ ಮುಂದೆ ತೆವಳುತ್ತಿದ್ದಾನೆ. ರೋವೀನಾ ಪೀಪಿ ಉಗುಳಿ, ಟೋಪಿ ಕಿತ್ತು, ಎದ್ದು ನಿಂತು ಕೈ ಬೀಸಿದಳು.

“ಓಯ್! ಮನುಷ್ಯರಿದ್ದೀವಿ ಇಲ್ಲಿ! ಸಾಕು ಮಾಡಪ್ಪ!”

ಕೆಳಗೆ, ಅವಳಿಗೂ ಅಣ್ಣನಿಗೂ ನಡುವೆ, ಮರದ ಬುಡ ಎಂದುಕೊಂಡಿದ್ದ ಕಂದು ಬಣ್ಣ ತಿರುಗಿತು. ಕೊಂಬುಗಳು ಹಿಂದಕ್ಕೆ ವಾಲಿದವು. ಹೋರಿ ಒಂದೇ ನೆಗೆತಕ್ಕೆ ಮರಗಳ ಒಳಗೆ ಸೇರಿತು. ಕೊಂಬು ಕೊಂಬೆಗಳಿಗೆ ಬಡಿಯುವ ಸದ್ದು ಬಹಳ ದೂರದವರೆಗೆ ಕೇಳಿಸಿ, ಆಮೇಲೆ ಅದೂ ನಿಂತಿತು.

ಅವಳು ಇಳಿದು ಹೋದಾಗ ಹಾರ್ಲನ್ ಬಿದ್ದ ಮರಕ್ಕೆ ಒರಗಿ ಕೂತಿದ್ದ. ಬಿಲ್ಲು ತೊಡೆಯ ಮೇಲಿತ್ತು, ಬಾಣ ಹೆದೆಯಲ್ಲೇ ಇತ್ತು. ಬಲಗೈಯನ್ನು ಅವನು ಎಡಗೈಯಿಂದ ಒತ್ತಿ ಹಿಡಿದಿದ್ದ.

“ಒಂದೊಂದು ಕಡೆ ಆರಾರು ಕವಲು,” ಎಂದ. “ಅಂಥಾ ಮೈ, ಆ ದನಿ. ಥೂ. ಅದರಮ್ಮಂಗೂ ನಾಚಿಕೆ ಆಗಿರುತ್ತೆ.”

“ಮನುಷ್ಯ ಅನ್ಕೊಂಡೆ ಹಾರ್ಲನ್.”

“ನಾನೂ ಹಾಗೇ ಅನ್ಕೊಂಡಿದ್ದೆ, ಕೊಂಬು ಕಾಣೋವರೆಗೂ.”

“ಎಳೆದಿದ್ಯಾ?”

ಅವನು ಹೌದೆಂದು ತಲೆಯಾಡಿಸಿದ.

“ಮತ್ತೆ ಯಾಕೆ ಬಿಡ್ಲಿಲ್ಲ?”

“ಕೊಂಬೆ ಅಡ್ಡ ಇತ್ತು. ನಡಿ, ಹಸಿವಾಗ್ತಿದೆ.”

ಅವನು ಚೀಲ ಕಟ್ಟಿಕೊಳ್ಳುವಷ್ಟರಲ್ಲಿ ರೋವೀನಾ ಹೋರಿ ನಿಂತಿದ್ದ ಜಾಗ ಹುಡುಕಿದಳು. ಒದ್ದೆ ಮಣ್ಣಿನಲ್ಲಿ ಗೊರಸುಗಳು ಅಡ್ಡಡ್ಡಲಾಗಿ ಊರಿದ್ದವು. ಅಲ್ಲಿಂದ ಬಿದ್ದ ಮರದವರೆಗೆ ಹೆಜ್ಜೆ ಹಾಕಿದಳು. ಇಪ್ಪತ್ತೆರಡು. ಹಾರ್ಲನ್ ಕೂತಿದ್ದ ಗುಂಡಿಯಲ್ಲಿ ತಾನೂ ಮೊಣಕಾಲೂರಿ ನೋಡಿದಳು. ಅಡ್ಡ ಒಂದು ಎಲೆಯೂ ಇರಲಿಲ್ಲ. ಗೊರಸಿನ ಗುರುತಿನ ಮೇಲಿಂದ ದೃಷ್ಟಿ ನೇರವಾಗಿ ಹೋಗಿ ಇಳಿಜಾರಿನ ಮೇಲೆ ಅವಳದೇ ಚೀಲಕ್ಕೆ ಮುಟ್ಟುತ್ತಿತ್ತು. ಅವಳು ಎದ್ದು ನಿಂತಿದ್ದ ಮರಕ್ಕೆ ಒರಗಿಸಿಟ್ಟಿದ್ದ ಚೀಲ.

“ಏನು ಹುಡುಕ್ತಿದ್ದೀಯ?” ಎಂದು ಹಾರ್ಲನ್ ಕೂಗಿದ.

“ಪೀಪಿ ಬಿದ್ಹೋಯ್ತು.”

“ಒಳ್ಳೇದಾಯ್ತು. ಇನ್ನು ಗಂಡಸರ ಕಾಟ ತಪ್ಪಿತು.”

ಕೆಳಗೆ, ಗಾಡಿಗಳ ಬಳಿ, ನೆಬ್ರಾಸ್ಕದ ಇಬ್ಬರು ಒಲೆ ಹಚ್ಚಿ ಮೊಟ್ಟೆ ಹುರಿಯುತ್ತಿದ್ದರು. ಒಬ್ಬ ಟಾರ್ಟಿಯಾ ರೊಟ್ಟಿಯಲ್ಲಿ ಮೊಟ್ಟೆ ಸುತ್ತಿ ಹಾರ್ಲನ್‌ಗೆ ಕೊಟ್ಟ.

“ಬೆಳಿಗ್ಗೆ ಆ ಮಹಾನುಭಾವ ಕೂಗಿದ್ದು ಕೇಳಿಸ್ತಾ ಯಜಮಾನ್ರೇ? ಆ ಕೆಮ್ಮು? ಮೂರು ದಿನದಿಂದ ಕೇಳ್ತಿದ್ದೀವಿ. ಪಾಪ, ಯಾರಾದ್ರೂ ಅವನಿಗೆ ಹೇಳ್ಕೊಡ್ಬೇಕು.”

“ನಾವಂತೂ ಅವನ ಕಡೆ ಹೋಗೋದೇ ಬಿಟ್ವಿ,” ಎಂದ ಇನ್ನೊಬ್ಬ. “ಅವನಿಂದ ಆ ಕಣಿವೆಯ ಎಲ್ಕೆಲ್ಲ ಓಡಿಹೋಗಿರುತ್ತೆ.”

ಹಾರ್ಲನ್ ನಿಧಾನವಾಗಿ ಅಗಿದ. “ನಮ್ಮ ಕಡೆಯವನೇ ಇರ್ಬೇಕು. ಸಿಕ್ರೆ ಹೇಳ್ತೀನಿ.”

ಬೇರೆ ಯಾವ ದಿನವಾದರೂ ರೋವೀನಾ ನಗು ತಡೆಯಲಾರದೆ ಗಾಡಿಯ ಹಿಂದೆ ಹೋಗುತ್ತಿದ್ದಳು.

ತಮ್ಮ ಗುಡಾರದ ಮುಂದೆ ಹಾರ್ಲನ್ ಮಧ್ಯಾಹ್ನ ಎರಡು ಗಂಟೆ ಹೊತ್ತು ಮಲಗಿದ. ಎದ್ದವನು ಬಿಲ್ಲು ತೆಗೆದುಕೊಂಡು, ಗುರಿಗೆಂದು ಇಟ್ಟಿದ್ದ ಸ್ಪಂಜಿನ ದಿಮ್ಮಿಯಿಂದ ಇಪ್ಪತ್ತು ಗಜ ದೂರ ನಿಂತ. ದಿನಾ ಮೂರು ಬಾಣ ಬಿಡುವುದು ಅವನ ಅಭ್ಯಾಸ. ಹೆದೆ ಅರ್ಧಕ್ಕೆ ಬಂತು, ನಿಂತಿತು. ಅವನು ಬಿಲ್ಲು ಇಳಿಸಿ ಉಸಿರು ತೆಗೆದುಕೊಂಡ. ಎರಡನೇ ಸಲ ಅರ್ಧಕ್ಕೂ ಬರಲಿಲ್ಲ. ಮೂರನೇ ಸಲ ಬಿಲ್ಲನ್ನು ಆಕಾಶಕ್ಕೆ ಎತ್ತಿ, ಮೈಯ ಭಾರವನ್ನೆಲ್ಲ ಹಾಕಿ ಎಳೆಯಲು ನೋಡಿದ. ಭುಜದಲ್ಲಿ ಏನೋ ಹೊರಳಿತು. ಅವನು ಸದ್ದು ಮಾಡಲಿಲ್ಲ, ಬಾಯಿ ಮಾತ್ರ ತೆರೆಯಿತು.

ರೋವೀನಾ ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಬೆಳಿಗ್ಗೆ ಎಳೆದು ಹಿಡ್ಕೊಂಡೇ ಇದ್ದೆ,” ಎಂದ ಹಾರ್ಲನ್. “ಅದಕ್ಕೇ ಇರ್ಬೇಕು. ನಾಳೆ ಸರಿ ಹೋಗುತ್ತೆ.”

“ಎಷ್ಟು ಹೊತ್ತು ಹಿಡಿದಿದ್ದೆ?”

“ಬೇಕಾದಷ್ಟು.”

“ಕೊಂಬೆ ಇರ್ಲಿಲ್ಲ ಹಾರ್ಲನ್. ನಾನು ನೋಡ್ದೆ. ಅಡ್ಡ ಇದ್ದಿದ್ದು ನಾನು.”

ಅವನು ಬಿಲ್ಲನ್ನು ಮರಕ್ಕೆ ಒರಗಿಸಿ, ಬಂದು ಮಡಚುವ ಕುರ್ಚಿಯಲ್ಲಿ ಕೂತ. ಬೂಟಿನ ಮಣ್ಣು ಕೆರೆದ.

“ಟೋಪಿ ತೆಗೆದ್ಯಲ್ಲ, ಅದರಿಂದ ನೀನು ಉಳ್ಕೊಂಡೆ. ನಿನ್ನ ಆ ಹುಲ್ಲುಮೆದೆಯಂಥ ತಲೆ ಹೋರಿಯ ಬೆನ್ನಿನ ಮೇಲೆ ಸೂರ್ಯನ ಹಾಗೆ ಹುಟ್ಟಿತು. ಇನ್ನೊಂದು ಕ್ಷಣ ಆಗಿದ್ರೆ ಬಾಣ ಬಿಟ್ಬಿಡ್ತಿದ್ದೆ.”

“ನಾನು ಸುಮ್ಮನೆ ಕೂತಿದ್ರೆ...”

“ಕೂತಿದ್ರೆ ಸಿಗ್ತಿತ್ತು,” ಎಂದ. ಸುಳ್ಳು ಹೇಳಿ ಸಮಾಧಾನ ಮಾಡುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬೆಳಿಗ್ಗೆ ಹೇಳಿದ ಕೊಂಬೆಯ ಕಥೆಯೇ ಅವನ ಮಟ್ಟಿಗೆ ದೊಡ್ಡದು. “ಆದ್ರೆ ಅಲ್ಲಿ ನಿಜವಾಗ್ಲೂ ಒಬ್ಬ ಮನುಷ್ಯ ತೆವಳ್ತಾ ಇದ್ದು, ನೀನು ಏಳದೆ ಇದ್ದಿದ್ರೆ? ಅದನ್ನೂ ಲೆಕ್ಕ ಹಾಕು.”

ಅವಳು ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು. ಅದರಿಂದ ಏನೂ ಹಗುರಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನ ಬಲಗೈ ಭುಜದಿಂದ ಮೇಲೇಳಲಿಲ್ಲ. ಅಂಗಿಯ ತೋಳು ತೊಡಿಸಲು ಅವಳೇ ಬರಬೇಕಾಯಿತು. ಊರಿಗೆ ಹೋಗೋಣ ಎಂದಳು. ಅವನು ಕೇಳಲಿಲ್ಲ.

“ಕಿವಿ ಸರಿಯಾಗಿದೆಯಲ್ಲ. ಕೇಳಿ ಬರೋಣ.”

ಬಿಲ್ಲಿಲ್ಲದೆ ಹತ್ತಿದರು. ಎರಡೂವರೆ ಗಂಟೆ ಹಿಡಿಯಿತು. ಈ ಸಲ ಅಣ್ಣತಂಗಿ ಒಂದೇ ಮರಕ್ಕೆ ಒರಗಿ ಕೂತರು. ಕೆಳಗಿನ ಕಣಿವೆಯಲ್ಲಿ ಇಬ್ಬರು ಮೂವರು ಬೇಟೆಗಾರರು ಚೊಕ್ಕವಾಗಿ ಕೂಗುತ್ತಿದ್ದರು. ಬೆಳಕಾದ ಮೇಲೆ, ಬಲಗಡೆಯ ದಟ್ಟಣೆಯಲ್ಲಿ, ಆ ಒಡಕು ದನಿ ಎದ್ದಿತು.

“ಕರಿ,” ಎಂದ ಹಾರ್ಲನ್.

“ಯಾಕೆ? ಏನು ಮಾಡೋಕೆ?”

“ನೋಡೋಕೆ. ಕರಿ ರೋ.”

ಅವಳು ಹೊಸ ಪೀಪಿಯನ್ನು ಅಂಗುಳಕ್ಕೆ ಒತ್ತಿ, ತನಗೆ ಗೊತ್ತಿದ್ದ ಅತ್ಯಂತ ಮೆತ್ತನೆಯ ಮಿಡುಕನ್ನು ಹೊರಡಿಸಿದಳು. ನಡುವೆ ಒಂದಿಷ್ಟೂ ತಡವರಿಸಲಿಲ್ಲ. ದಟ್ಟಣೆ ಸುಮ್ಮನಾಯಿತು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕರೆದಳು. ಆಮೇಲೆ ಇನ್ನೊಮ್ಮೆ. ಕೊನೆಗೆ ಬಹಳ ದೂರದಲ್ಲಿ, ದಿಣ್ಣೆಯ ಆಚೆ, ಅದು ಕೂಗಿತು. ಅವಳಿಗಲ್ಲ. ಅದು ಬೆಟ್ಟ ದಾಟಿ ಹೋಗುತ್ತಿತ್ತು.

“ನಿನ್ನ ದನಿ ಗುರುತು ಹಿಡಿದುಬಿಟ್ಟಿದೆ,” ಎಂದ ಹಾರ್ಲನ್.

“ಹೂಂ. ಇನ್ನು ಬರಲ್ಲ.”

“ಈಗ ಅದಕ್ಕೆ ಬುದ್ಧಿ ಬಂತು. ಹಾಗಾದ್ರೆ ಬಹಳ ವರ್ಷ ಬದುಕುತ್ತೆ.”

ಆ ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಬಿಸಿಲು ಇಳಿಜಾರಿಗೆ ಬಿತ್ತು. ಗಾಳಿ ಒಮ್ಮೆ ನಿಂತು, ಕೆಳಗಿನಿಂದ ಮೇಲಕ್ಕೆ ತಿರುಗಿ, ಅವರ ಕತ್ತಿನ ಹಿಂದೆ ತಣ್ಣಗೆ ಮುಟ್ಟಿತು. ಬೇಟೆಗಾರರು ಇಳಿಯುವ ಹೊತ್ತು.

“ನಿನ್ನೆ ಪೂರ್ತಿ ಎಳೆದಿದ್ದೆ ರೋ,” ಎಂದ ಅವನು. “ಹೆದೆ ಗದ್ದಕ್ಕೆ ಮುಟ್ಟಿತ್ತು. ಕೈ ಅಲುಗಿರ್ಲಿಲ್ಲ.”

“ಗೊತ್ತು.”

“ನೀನು ನೋಡ್ಲಿಲ್ಲವಲ್ಲ. ಅದಕ್ಕೆ ಹೇಳ್ದೆ.”

ಏಳಲು ಅವನು ಎಡಗೈ ಚಾಚಿದ. ಅವಳು ಎರಡೂ ಕೈಯಿಂದ ಹಿಡಿದು, ಕಾಲು ಊರಿ, ಅವನನ್ನು ಎಬ್ಬಿಸಿದಳು.