ಥರ್ಡ್ ಪಾರ್ಟಿ ಅಂದ್ರ ಯಾರು?

ಉಪ್ಪಿನಬೆಟಗೇರಿಯಿಂದ ಹುಬ್ಬಳ್ಳಿಗೆ ಬಸ್ಸಿಲ್ಲ ಎಂದಲ್ಲ. ಬಸ್ಸಿನ ಮೆಟ್ಟಿಲು ಹತ್ತಲು ಗಟ್ಟಿ ಕಾಲು ಬೇಕು. ಶಿವಲಿಂಗವ್ವನಿಗೆ ಅದೇ ಇರಲಿಲ್ಲ. ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಎಂಟು ತಿಂಗಳಾಗಿತ್ತು. ವಾರಕ್ಕೊಮ್ಮೆ ಹುಬ್ಬಳ್ಳಿ ಆಸ್ಪತ್ರೆಗೆ ಬಂದು ಕಾಲಿಗೆ ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಕಾಲು ಸೆಟೆದು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಂಡ ಮಡಿವಾಳಪ್ಪ ಒಂದು ರಟ್ಟೆ, ಮಗ ಪ್ರಸಾದ ಇನ್ನೊಂದು ರಟ್ಟೆ ಹಿಡಿದು ಬಸ್ಸಿಗೆ ಏರಿಸುವಾಗ ಕಂಡಕ್ಟರು ಸೀಟಿ ಊದುತ್ತಲೇ ಇರುತ್ತಿದ್ದ. ಆಕೆ ಹಲ್ಲು ಕಚ್ಚಿ ಅಳು ನುಂಗುತ್ತಿದ್ದಳು. ಕಡೆಗೆ ಒಂದು ವಾರ, "ನಾ ಬರೂದಿಲ್ಲ, ಸೆಟದ್ರ ಸೆಟೀಲಿ" ಎಂದು ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳು.

ಅದಕ್ಕೇ ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಮಡಿವಾಳಪ್ಪ ಒಂದು ಹಳೆಯ ಕಾರು ಕೊಳ್ಳುವ ಮನಸ್ಸು ಮಾಡಿದ. ಇಪ್ಪತ್ತು ವರ್ಷದ ಪ್ರಸಾದ ಓಡಿಸಬೇಕು, ಹೆಂಡತಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬೇಕು. ಆಸೆ ಇಷ್ಟೇ, ದೊಡ್ಡದೇನಲ್ಲ.

ಕೇಶ್ವಾಪುರದಲ್ಲಿ ಹಳೇ ಗಾಡಿಗಳ ದಲಾಲಿ ಮಾಡುವ ನೀಲಪ್ಪ ಉದ್ದನೆಯ ಡೀಸೆಲ್ ಕಾರೊಂದನ್ನು ತೋರಿಸಿದ. ಹೊಸ ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ರೇಟು ಮಾತ್ರ ಸಣ್ಣ ಕಾರಿಗಿಂತ ಕಡಿಮೆ.

"ಮೊದಲನೇ ಪಾರ್ಟಿ ಡಾಕ್ಟ್ರು, ಎರಡನೇ ಪಾರ್ಟಿ ಇಂಜಿನಿಯರ್ರು. ಮೂರನೇದು ನೀವ್ರಿ ಯಜಮಾನ್ರ," ಎಂದ ನೀಲಪ್ಪ.

"ಇನ್ಶೂರೆನ್ಸ್ ಐತೇನ್ರಿ?"

"ಥರ್ಡ್ ಪಾರ್ಟಿ ಐತ್ರಿ. ಕಾಗದ ಒಳಗ ಅದಾವ."

ಮಡಿವಾಳಪ್ಪನಿಗೆ ಅಷ್ಟು ಸಾಕಾಯಿತು. ಮೂವತ್ತು ವರ್ಷ ಒಣಮೆಣಸಿನಕಾಯಿ ವ್ಯಾಪಾರ ಮಾಡಿದ ಮನುಷ್ಯ. ಅವನ ಬಾಯಲ್ಲಿ ಪಾರ್ಟಿ ಎಂದರೆ ಮಾಲು ಕೊಳ್ಳುವವನು: ಬ್ಯಾಡಗಿ ಪಾರ್ಟಿ, ಸೊಲ್ಲಾಪುರ ಪಾರ್ಟಿ. ಫಸ್ಟ್ ಪಾರ್ಟಿ ಡಾಕ್ಟರು, ಸೆಕೆಂಡ್ ಪಾರ್ಟಿ ಇಂಜಿನಿಯರು, ಥರ್ಡ್ ಪಾರ್ಟಿ ತಾನು. ಅಂದ ಮೇಲೆ ಥರ್ಡ್ ಪಾರ್ಟಿ ಇನ್ಶೂರೆನ್ಸು ತನ್ನದೇ! ಒಂದು ಮೆಣಸಿನಕಾಯಿ ಮುರಿದು ಮೂಸಿದರೆ ಚೀಲದ ಹಣೆಬರಹ ಹೇಳುವವನು, ಆ ಕಾಗದ ಬಿಚ್ಚಿ ಓದಲಿಲ್ಲ. ಐದು ಸಾವಿರ ಮುಂಗಡ ಸಂಚಕಾರ ಕೊಟ್ಟು, ಸೋಮವಾರ ಗಾಡಿ ಒಯ್ಯುತ್ತೇನೆಂದು ಹೇಳಿ, ಕಾಗದಗಳ ಝೆರಾಕ್ಸ್ ಜೇಬಿಗೆ ಹಾಕಿಕೊಂಡು ಊರಿಗೆ ಬಂದ.

ರವಿವಾರ ಮಧ್ಯಾಹ್ನ ಅಖ್ತರಬೇಗಂ ಬಂದಳು. ಹಿಂದಿನ ಓಣಿಯವಳು. ಗಂಡ ತೀರಿದ ಮೇಲೆ ಎಂಟು ವರ್ಷದಿಂದ ಹೊಲಿಗೆ ಮಷಿನ್ನಿನ ಮೇಲೆಯೇ ಮನೆ ನಡೆಸಿದ್ದಳು. ಕಾರಿನ ಪೂಜೆಗೆಂದು ಶಿವಲಿಂಗವ್ವ ಹೊಲಿಯಲು ಹಾಕಿದ್ದ ಕುಪ್ಪಸ ಅವಳ ಕೈಯಲ್ಲಿತ್ತು.

"ಅಣ್ಣಾರ, ನಾಳೆ ಕಾರ್ ಬರತೈತಂತ?"

"ಹೂಂ ತಂಗಿ. ಗಾಲಿ ಕೆಳಗ ಇಡಾಕ ನಿಂಬಿಹಣ್ಣೂ ತಂದೇನಿ, ನೋಡು."

"ಓಡ್ಸಾಂವ ಯಾರ?"

"ನಾನ ಕಾಕೀ," ಎಂದ ಪ್ರಸಾದ ಎದೆಯುಬ್ಬಿಸಿ. "ಎಲ್‌ಎಲ್ ಬಂದೈತಿ."

ಎಲ್‌ಎಲ್ ಎಂದರೆ ಕಲಿಯುವವರಿಗೆ ಕೊಡುವ ಕಚ್ಚಾ ಲೈಸೆನ್ಸು. ಅಖ್ತರಬೇಗಂ ಕುಪ್ಪಸವನ್ನು ಕಟ್ಟೆಯ ಮೇಲಿಟ್ಟಳು.

"ಪಕ್ಕಾ ಲೈಸೆನ್ಸ್?"

"ಅದೇನ ಬಿಡ್ರಿ, ಮುಂದಿನ ತಿಂಗಳ ಬರತೈತಿ."

"ಮತ್ತ ವಿಮಾ?"

ಮಡಿವಾಳಪ್ಪ ಹೆಮ್ಮೆಯಿಂದ ನಕ್ಕ. "ಅದನ್ನ ಬಿಟ್ಟೇನೇನು? ಥರ್ಡ್ ಪಾರ್ಟಿ ಐತಿ. ಗಾಡಿಗೆ ಮೂರನೇ ಮಾಲಕ ನಾನಲ್ಲೇನ? ನಂದ ವಿಮಾ."

ಅಖ್ತರಬೇಗಂ ನಗಲಿಲ್ಲ. "ಅಣ್ಣಾರ, ಥರ್ಡ್ ಪಾರ್ಟಿ ಅಂದ್ರ ನೀವಲ್ರಿ."

"ಮತ್ಯಾರು?"

"ನಾ."

ಮಡಿವಾಳಪ್ಪನಿಗೆ ತಿಳಿಯಲಿಲ್ಲ. ಅಖ್ತರಬೇಗಂಳ ಗಂಡ ಅಪಘಾತದಲ್ಲಿ ಹೋದದ್ದು ಊರಿಗೆಲ್ಲ ಗೊತ್ತು. ಅವನೂ ಮಣ್ಣಿಗೆ ಹೋಗಿ ಬಂದಿದ್ದ. ಆದರೆ ಆಮೇಲೆ ಏನಾಯಿತು ಎಂದು ಒಂದು ದಿನವೂ ಕೇಳಿರಲಿಲ್ಲ. ನಾವು ಹಾಗೆಯೇ, ಮಣ್ಣು ಹಾಕಿ ಬಂದರೆ ನಮ್ಮ ಕೆಲಸ ಮುಗಿಯಿತು.

"ಗಾಡಿ ಮಾಲಕ ಒಂದನೇ ಪಾರ್ಟಿ," ಎಂದಳು ಆಕೆ. "ವಿಮಾ ಕಂಪನಿ ಎರಡನೇ ಪಾರ್ಟಿ. ಇಬ್ಬರಿಗೂ ಸಂಬಂಧ ಇಲ್ದ ತನ್ನ ಪಾಡಿಗೆ ತಾ ದಾರ್ಯಾಗ ಹೊಂಟಾಂವ ಮೂರನೇ ಪಾರ್ಟಿ. ನಮ್ಮವರು ರಾಯಾಪುರದ ಹತ್ರ ಸೈಕಲ್ ಮ್ಯಾಲ ಕೆಲಸಕ್ಕ ಹೊಂಟಿದ್ರು. ಹಿಂದಿಂದ ಕಾರ್ ಬಂದು ಬಡೀತು. ಓಡ್ಸಾಕತ್ತಾಂವ ನಮ್ಮ ಪ್ರಸಾದನ ವಯಸ್ಸಿನ ಹುಡುಗ. ಕೆಟ್ಟ ಹುಡುಗ ಅಲ್ರಿ ಅಂವ. ಅವರಪ್ಪ ಸೋವಿ ಸಿಕ್ತು ಅಂತ ಹಳೇ ಕಾರ್ ತಂದಿದ್ದ. ವಿಮಾ ಮುಗದು ಮೂರು ತಿಂಗಳಾಗಿತ್ತು. ಯಾರೂ ನೋಡಿರಲಿಲ್ಲ."

"ಕೋರ್ಟಿನ್ಯಾಗ ಏನಾತು ಕಾಕೀ?" ಪ್ರಸಾದನ ದನಿ ಸಣ್ಣಗಾಗಿತ್ತು.

"ಆರು ವರ್ಷ ಅಡ್ಡಾಡಿದೆ ಧಾರವಾಡಕ್ಕ. ಪರಿಹಾರ ಕೊಡ್ರಿ ಅಂತು ಕೋರ್ಟು. ವಿಮಾ ಇದ್ದಿದ್ರ ಕಂಪನಿ ಕೊಡತಿತ್ತು. ಇರಲಿಲ್ಲ, ಅವರಪ್ಪನ ಕೊಡಬೇಕಾತು. ಎಲ್ಲಿಂದ ತರಬೇಕು ಆ ಮನಷ್ಯಾ? ಇದ್ದೊಂದು ಮನಿ ಮಾರಿದ್ರು. ಆದರೂ ಅರ್ಧಾ ಮುಟ್ಟಲಿಲ್ಲ. ನನ್ನ ಮಗಳು ಸಾಲಿ ಬಿಟ್ಟಳು. ಅವರು ಬಾಡಗಿ ಮನಿಗೆ ಹೋದ್ರು. ಎರಡೂ ಮನಿ ಒಲಿ ಆರಿದ್ವು ಅಣ್ಣಾರ."

ಆಕೆ ಕಟ್ಟೆಯ ಮೇಲಿನ ಕುಪ್ಪಸದ ಮಡಿಕೆ ಸರಿಮಾಡಿದಳು. "ಆ ಹುಡುಗ ಈಗೂ ರಂಜಾನ ಹಬ್ಬಕ್ಕ ಬಂದು ನಮ್ಮ ಬಾಗಲಾಗ ನಿಂದರತಾನ. ಒಳಗ ಬಾ ಅನ್ನಾಕ ನಾಲಿಗಿ ಏಳೂದಿಲ್ಲ. ಹೋಗು ಅನ್ನಾಕೂ ಏಳೂದಿಲ್ಲ."

ಮಡಿವಾಳಪ್ಪ ಜೇಬಿನಿಂದ ಝೆರಾಕ್ಸ್ ತೆಗೆದು ಮಗನ ಕೈಗೆ ಕೊಟ್ಟ. ಪ್ರಸಾದ ಓದಿದ. ವಿಮೆ ಇದ್ದದ್ದು ಮೊದಲ ಮಾಲೀಕ ಡಾಕ್ಟರ ಹೆಸರಿನಲ್ಲಿ. ಜನವರಿಗೇ ಮುಗಿದಿತ್ತು. ಆರ್‌ಸಿ ಬುಕ್ಕಿನಲ್ಲೂ ಅವರದೇ ಹೆಸರು. ಇಂಜಿನಿಯರು ತನ್ನ ಹೆಸರಿಗೆ ಮಾಡಿಸಿಕೊಂಡೇ ಇರಲಿಲ್ಲ.

ಆದರೂ ವ್ಯಾಪಾರಿ ಮನಸ್ಸು, ಕೊಟ್ಟ ಸಂಚಕಾರ ನೆನೆದು ಕುಟುಕಿತು. "ಐದು ಸಾವಿರ ಕೊಟ್ಟೇನಿ ತಂಗಿ. ಈಗ ಗಾಡಿ ತರತೀವಿ, ಒಂದ ತಿಂಗಳ ಬಿಟ್ಟು ವಿಮಾ ಮಾಡಿಸಿದ್ರಾತು. ಎಲ್ಲಾರಿಗೂ ಹಂಗ ಆಗತೈತೇನು?"

"ಆಗೂದಿಲ್ಲ ಅಂತ ತಿಳದ ನಮ್ಮವರೂ ಅವತ್ತ ಮನಿ ಬಿಟ್ಟಿದ್ರು," ಎಂದಳು ಅಖ್ತರಬೇಗಂ.

ಒಳಗಿನಿಂದ ಶಿವಲಿಂಗವ್ವನ ದನಿ ಬಂತು. ಅವಳು ಎಲ್ಲ ಕೇಳಿಸಿಕೊಂಡಿದ್ದಳು. "ನನ್ನ ಕಾಲಿನ ಸಲುವಾಗಿ ಇನ್ನೊಬ್ಬಾಕಿ ಮನಿ ದೀಪ ಆರೂದು ಬ್ಯಾಡ್ರಿ. ನಾ ಹಿಂಗ ಇರತೇನಿ. ಆ ಗಾಡಿ ತಂದ್ರ ನಾ ಹತ್ತೂದಿಲ್ಲ."

ಮಡಿವಾಳಪ್ಪ ತಲೆ ತಗ್ಗಿಸಿದ. ಮೂವತ್ತು ವರ್ಷ ಪಾರ್ಟಿ ಎಂಬ ಶಬ್ದ ಆಡಿದ್ದ, ಅದರ ಒಳಗೊಬ್ಬ ಸತ್ತ ಮನುಷ್ಯ ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ. "ಮತ್ತ ನಾವೇನ ಮಾಡೂಣು, ನೀನ ಹೇಳು ತಂಗಿ," ಎಂದ.

"ಸಣ್ಣ ಎಂಜಿನ್ನಿನ ಗಾಡಿ ನೋಡ್ರಿ. ಎಂಜಿನ್ ಸಣ್ಣದಿದ್ರ ಥರ್ಡ್ ಪಾರ್ಟಿ ವಿಮಾದ ಕಂತೂ ಕಡಿಮಿ, ಹುಡುಗನ ಹಿಡತದಾಗೂ ಇರತೈತಿ. ಬಣ್ಣ ನೋಡಬ್ಯಾಡ್ರಿ, ನಿಮ್ಮ ಗುರ್ತಿನ ಮಿಸ್ತ್ರಿಗೆ ಬ್ರೇಕು, ಗಾಲಿ, ಎಂಜಿನ್ ತೋರಸ್ರಿ. ಆರ್‌ಸಿ ನಿಮ್ಮ ಹೆಸರಿಗೆ ಮಾಡಸ್ರಿ, ವಿಮಾನೂ ನಿಮ್ಮ ಹೆಸರಿಗೆ ಬರಬೇಕು. ಥರ್ಡ್ ಪಾರ್ಟಿ ಅಷ್ಟ ಇದ್ರ ನಿಮ್ಮ ಗಾಡಿ ಡೊಂಕಾದ್ರ ಅದು ಕೊಡೂದಿಲ್ಲ. ಅದಕ್ಕ ಫುಲ್ ವಿಮಾ ಬೇಕು, ಕೈಲಾದ್ರ ಮಾಡಸ್ರಿ. ಆದರ ಥರ್ಡ್ ಪಾರ್ಟಿ ಇಲ್ದ ಗಾಲಿ ಒಂದ ಸುತ್ತೂ ಉರಳಬಾರದು." ಆಮೇಲೆ ಪ್ರಸಾದನ ಕಡೆ ತಿರುಗಿದಳು. "ನೀ ಪಕ್ಕಾ ಲೈಸೆನ್ಸ್ ಬರೂತನಕ ಒಬ್ಬನ ಓಡಸಬ್ಯಾಡಪಾ. ಲೈಸೆನ್ಸ್ ಇಲ್ದ ಬಡದ್ರ ಕಂಪನಿ ಕೊಟ್ಟ ರೊಕ್ಕಾನೂ ನಿಮ್ಮಪ್ಪನ ಕಡಿಂದ ವಸೂಲಿ ಮಾಡಬಹುದು."

"ನಿಂಗ ಇದೆಲ್ಲಾ ಹೆಂಗ ಗೊತ್ತು?" ಎಂದ ಮಡಿವಾಳಪ್ಪ.

"ಆರು ವರ್ಷ ಕೋರ್ಟಿನ ಕಟ್ಟಿ ಮ್ಯಾಲ ಕುಂತೇನ್ರಿ. ಭಾಳ ತುಟ್ಟಿ ಸಾಲಿ ಅದು."

ನೀಲಪ್ಪ ಸಂಚಕಾರ ಮರಳಿ ಕೊಡಲಿಲ್ಲ. ಅಗ್ಗದ ಆಸೆಗೆ ಮುಗ್ಗಿದ ಜೋಳ ತರುವುದು ತಪ್ಪಿತಲ್ಲ ಎಂದು ಮಡಿವಾಳಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ, ಸಮಾಧಾನ ಆಗಲಿಲ್ಲ. ಸರಿಯಾದ ಗಾಡಿ ಸಿಗಲು ಎರಡು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಬಾಡಿಗೆ ಜೀಪು ಮಾಡಿ ಆಸ್ಪತ್ರೆಗೆ ಹೋದದ್ದು ಬಿಟ್ಟರೆ ಶಿವಲಿಂಗವ್ವ ಹಾಸಿಗೆಯಲ್ಲೇ ಇದ್ದಳು. ಕಾಲು ಇನ್ನು ಪೂರ್ತಿ ಮಡಚುವುದಿಲ್ಲ ಎಂದರು ಡಾಕ್ಟರು. ನಡೆದಾಡುವಷ್ಟು ಬರಬಹುದು, ತಪ್ಪದೆ ಕರೆದುಕೊಂಡು ಬನ್ನಿ ಎಂದರು.

ಕಡೆಗೆ ಬಂದದ್ದು ಬಣ್ಣ ಮಾಸಿದ ಒಂದು ಸಣ್ಣ ಪೆಟ್ರೋಲ್ ಕಾರು. ಪ್ರಸಾದನ ಕೈಗೆ ಪಕ್ಕಾ ಲೈಸೆನ್ಸು ಬಂದಿತ್ತು. ಮಡಿವಾಳಪ್ಪ ಈ ಸಲ ವಿಮೆಯ ಕಾಗದವನ್ನು ಮೊದಲಿಂದ ಕೊನೆಯವರೆಗೆ ಮಗನಿಂದ ಓದಿಸಿ, ತನ್ನ ಹೆಸರೂ ತಾರೀಖೂ ಎರಡೆರಡು ಸಲ ಕೇಳಿ, ಅದಕ್ಕೂ ಕುಂಕುಮ ಹಚ್ಚಿದ. ಆಮೇಲೆ ನಿಂಬೆಹಣ್ಣು ಇಟ್ಟ.

"ನೀನೂ ಹತ್ತು ತಂಗಿ, ಹುಬ್ಬಳ್ಳಿಗೆ ಹೋಗಿ ಬರೂಣು," ಎಂದು ಅಖ್ತರಬೇಗಂಳನ್ನು ಕರೆದ.

"ಬ್ಯಾಡ್ರಿ ಅಣ್ಣಾರ. ಕಾರ್ ಹತ್ತಾಕ ಇನ್ನೂ ಮನಸ್ಸ ಬರವಲ್ದು." ಆಕೆ ರಸ್ತೆಯ ಅಂಚಿಗೆ ಸರಿದು ನಿಂತಳು. "ಸಾವಕಾಶ ಹೋಗಪಾ ಪ್ರಸಾದ. ದಾರಿ ಬಾಜೂಕ ನಾವಿರತೇವಿ."

ಕಾರು ಹೊರಟಿತು. ಪಕ್ಕದ ಕನ್ನಡಿಯಲ್ಲಿ ಅಖ್ತರಬೇಗಂ ಸಣ್ಣಗಾಗುತ್ತ ಹೋದಳು. ಪ್ರಸಾದ ಅವಳು ಮರೆಯಾಗುವವರೆಗೂ ಎರಡನೇ ಗೇರು ದಾಟಲಿಲ್ಲ. ಮಡಿವಾಳಪ್ಪ ಲಗೂ ನಡಿ ಎನ್ನಲಿಲ್ಲ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಗಾಡಿಯ ವಿಮೆಯ ಕಾಗದ ಎಲ್ಲಿದೆ? ಈಗಲೇ ಎದ್ದು ಹುಡುಕಿ. ತಾರೀಖು ಮುಗಿದಿದೆಯೇ, ಹೆಸರು ಯಾರದಿದೆ, ಓಡಿಸುವ ಮಕ್ಕಳ ಕೈಯಲ್ಲಿ ಪಕ್ಕಾ ಲೈಸೆನ್ಸ್ ಇದೆಯೇ ನೋಡಿ. ಓದಲು ಬಾರದಿದ್ದರೆ ಓದಬಲ್ಲವರ ಮುಂದೆ ಹಿಡಿಯಿರಿ, ನಾಚಿಕೆ ಬೇಡ. ಹಳೆಯ ಗಾಡಿ ಕೊಳ್ಳುವವರಿದ್ದರೆ ಸಂಚಕಾರ ಕೊಡುವ ಮೊದಲೇ ಇದಿಷ್ಟನ್ನೂ ಕೇಳಿ. ನಿಮ್ಮ ಥರ್ಡ್ ಪಾರ್ಟಿ ಯಾರೆಂದು ನಿಮಗೆ ಗೊತ್ತಿಲ್ಲ. ಅವರು ಈಗ ಸೈಕಲ್ ಹತ್ತಿ ಮನೆ ಬಿಟ್ಟಿದ್ದಾರೆ, ಸಂಜೆಗೆ ಬರುತ್ತೇನೆಂದು ಹೇಳಿ ಬಂದಿದ್ದಾರೆ.