ಹಿತ್ತಿಲ ಬಾಗಿಲ ರಂಗೋಲಿ

ಪೊರಕೆ ನೆಲಕ್ಕೆ ತಾಗುವ ಮೊದಲೇ ಹಾಲೇಶ ಸೋದರತ್ತೆ ಮಾರಮ್ಮನ ಕೈ ಹಿಡಿದುಕೊಂಡ.

"ಬಿಡತ್ತೆ, ಅಳಿಸ್ಬೇಡ."

"ಸಾವಾದ ಮನೆ ಬಾಗ್ಲಲ್ಲಿ ರಂಗೋಲಿ ಇರಬಾರ್ದು ಕಣೋ. ನೋಡ್ದೋರು ಏನಂದಾರು?"

"ಏನಾದ್ರೂ ಅಂದ್ಕೊಳ್ಳಿ. ನಿನ್ನೆ ಬೆಳಿಗ್ಗೆ ಅಮ್ಮ ಹಾಕಿದ್ದು. ಒಂದು ಗೆರೆನಾದ್ರೂ ಸೊಟ್ಟಗೈತಾ ನೋಡು."

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಮೊದಲ ಬಸ್ಸಿನ ಡ್ರೈವರ್ ಅವನು. ಅಮ್ಮ ರಂಗೋಲಿ ಹಾಕಿ ಸ್ನಾನಕ್ಕೆ ಹೋದ ಹೊತ್ತಿಗೆ ಹೊರಟರೆ ಮನೆಗೆ ಬರುವುದು ಅವಳು ಮಲಗಿದ ಮೇಲೆ.

"ದಿನಾ ಇದನ್ನ ನೋಡ್ಕೊಂಡೇ ಹೋಗ್ತಿದ್ದೆ ಅತ್ತೆ. ನಿನ್ನೇನೂ ನೋಡ್ದೆ. ಚೆನ್ನಾಗವ್ಳೆ ಅಂತ ಧೈರ್ಯವಾಗಿ ಹೋದೆ. ಮಧ್ಯಾಹ್ನದಷ್ಟ್ರಲ್ಲಿ ಹಿಂಗಾಗೋಯ್ತು."

ಪಡಸಾಲೆಯಲ್ಲಿ ಅವನ ಹೆಂಡತಿ ಅನುಪಮಾ, ಮಲಗಿಸಿದ್ದ ಅತ್ತೆ ದುರ್ಗಮ್ಮನ ತಲೆಯ ಬಳಿ ಕುಳಿತು ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಆ ಮಾತಿಗೆ ಎಣ್ಣೆ ದೀಪ ಬಿಟ್ಟು ನೆಲಕ್ಕೆ ಚೆಲ್ಲಿತು.

ಮಾರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಬಂದವರೆಲ್ಲ ರಂಗೋಲಿಯನ್ನು ಬಳಸಿಕೊಂಡು ಒಳಗೆ ಬಂದರು.

"ಒಂದು ತೊಟ್ಟು ಮುಟ್ಟದೋಳಿಗೆ ಲಿವರ್ ಹೋಗೋದು ಅಂದ್ರೇನು?" ಎಂದ, ಚಟ್ಟಕ್ಕೆ ಹಗ್ಗ ಸುತ್ತುತ್ತಿದ್ದ ಪಕ್ಕದ ಮನೆಯ ನಂಜುಂಡಪ್ಪ.

"ದಿನಾ ಕುಡಿಯೋ ನೀನು ಗುಂಡ್ಕಲ್ಲಂಗಿದೀಯ. ಸಕ್ಕರೆ ಕಾಯಿಲೆಯಿಂದ್ಲೂ ಹೋಯ್ತದಂತೆ. ಸುಮ್ನೆ ಹಗ್ಗ ಬಿಗಿ," ಎಂದಳು ಮಾರಮ್ಮ. ಯಾರೋ ನಕ್ಕು, ತಕ್ಷಣ ಬಾಯಿಗೆ ಸೆರಗು ಒತ್ತಿಕೊಂಡರು.

* * *

ಮೂರು ತಿಂಗಳ ಹಿಂದೆ ಶಿವಮೊಗ್ಗದ ಡಾಕ್ಟರು ದುರ್ಗಮ್ಮನ ಮುಂದೆ ಒಂದು ಹಾಳೆ ಇಟ್ಟಿದ್ದರು. ಚೆಲ್ಲಾಪಿಲ್ಲಿಯಾಗಿದ್ದ ಅಂಕಿಗಳನ್ನು ಒಂದರಿಂದ ಇಪ್ಪತ್ತೈದರವರೆಗೆ ಗೆರೆ ಎಳೆದು ಸೇರಿಸಬೇಕು. ಅವಳು ಒಂಬತ್ತಕ್ಕೆ ಬಂದು ನಿಂತಳು.

"ಲಿವರ್ ರಕ್ತ ಸೋಸ್ತಿಲ್ಲ. ಅಮೋನಿಯಾ ಜಾಸ್ತಿಯಾಗಿ ಮೆದುಳಿಗೆ ಹೋಗ್ತಿದೆ. ದಿನಾ ರಕ್ತ ಪರೀಕ್ಷೆ ಮಾಡೋಕಾಗಲ್ಲ. ಮನೇಲಿ ಕೈಕೆಲಸ ಏನ್ಮಾಡ್ತಾರೆ?"

"ಚುಕ್ಕಿ ರಂಗೋಲಿ ಹಾಕ್ತಾರೆ," ಎಂದಿದ್ದಳು ಅನುಪಮಾ.

"ಅದನ್ನೇ ನೋಡ್ತಿರಮ್ಮ. ಗೆರೆ ತಪ್ಪಿದ ದಿನವೇ ಕರ್ಕೊಂಡು ಬನ್ನಿ."

ಗೆರೆ ತಪ್ಪಿದ್ದು ಈ ಗುರುವಾರ. ಗಂಡನನ್ನು ಎಬ್ಬಿಸಲು ಹೊರಟ ಅನುಪಮಾಳ ಸೆರಗನ್ನು ಅತ್ತೆ ಹಿಡಿದುಕೊಂಡಳು.

"ಅವನಿಗೆ ಹೇಳ್ಬೇಡ ಕಣೇ. ಅಲ್ಲಿ ಕೈ ಕಟ್ಟಾಕ್ತಾರೆ."

ಹಿಂದಿನ ಸಲ ಮತಿ ತಪ್ಪಿ ಸೂಜಿ ಕಿತ್ತುಕೊಂಡಾಗ ಆಸ್ಪತ್ರೆಯಲ್ಲಿ ಅವಳ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಮನೆಗೆ ಬಂದ ಮೇಲೂ ಎಷ್ಟೋ ದಿನ ಅವಳು ಮುಂಗೈ ಉಜ್ಜಿಕೊಳ್ಳುತ್ತಿದ್ದಳು. ಅನುಪಮಾ ಸೊಟ್ಟ ಗೆರೆ ಅಳಿಸಿ ತಾನೇ ತಿದ್ದಿದಳು. ಇವತ್ತೊಂದು ದಿನ ಇರಲಿ ಎಂದುಕೊಂಡಳು. ಶುಕ್ರವಾರವೂ, ಶನಿವಾರವೂ ಹಾಗೆಯೇ ಅಂದುಕೊಂಡಳು.

* * *

ಮಣ್ಣು ಮಾಡಿ ಬಂದವರು ದೀಪ ನೋಡಿ ಹೊರಟುಹೋದರು. ಸ್ನಾನ ಮಾಡಿದ ಹಾಲೇಶ ತಲೆಯನ್ನೂ ಒರೆಸಿಕೊಳ್ಳದೆ ಮುಂಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಮೊಬೈಲಿನಲ್ಲಿ ರಂಗೋಲಿಯ ಫೋಟೋ ತೆಗೆಯುತ್ತಿದ್ದ.

"ಅಮ್ಮನ ಫೋಟೋ ಪಕ್ಕ ಇದಕ್ಕೂ ಕಟ್ಟು ಹಾಕಿಸ್ತೀನಿ ಕಣೇ. ಕೊನೇವರ್ಗೂ ಬುದ್ಧಿ ನೆಟ್ಟಗಿತ್ತು ಅವಳ್ಗೆ."

ಅನುಪಮಾ ಆ ಫೋಟೋ ನೋಡಿದಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ತನ್ನ ಕೈಯ ಗೆರೆಗಳು ಮಾತ್ರ ಅತ್ತೆಯ ಹೆಸರಿನಲ್ಲಿ ದಿನವೂ ಗೋಡೆಯಿಂದ ತನ್ನನ್ನು ನೋಡುತ್ತಿರುತ್ತವೆ.

"ಒಂಚೂರು ಹಿತ್ಲಿಗೆ ಬನ್ರೀ."

"ಏನೇ?"

"ಬನ್ನಿ."

ಹಿತ್ತಿಲ ಹೊಸ್ತಿಲ ಮುಂದೆ ದೊಡ್ಡದೊಂದು ಬಿದಿರಿನ ಮಂಕರಿ ಬೋರಲಾಗಿತ್ತು. ಅವಳು ಅದನ್ನು ಎತ್ತಿದಳು. ಕೆಳಗೆ ಚುಕ್ಕಿಗಳಿದ್ದವು, ಸಾಲುಗಳಿರಲಿಲ್ಲ. ಒಂದೇ ಒಂದು ಗೆರೆ ಚುಕ್ಕಿಯೊಂದನ್ನು ಸುತ್ತಿ, ಮುಂದಿನದನ್ನು ಹುಡುಕಿ ಹೊರಟು, ಸಿಗದೆ ಮತ್ತೆ ಅದೇ ಚುಕ್ಕಿಗೆ ಮರಳಿ, ಅಲ್ಲಿಯೇ ಸುತ್ತಿ ಸುತ್ತಿ ದಪ್ಪವಾಗಿತ್ತು.

"ನಿನ್ನೆ ಅತ್ತೆ ಹಿತ್ಲ ಬಾಗಿಲ್ನೇ ಮುಂಬಾಗಿಲು ಅಂದ್ಕೊಂಡಿದ್ರು," ಎಂದಳು. "ಮುಂದ್ಗಡೆ ಇರೋದು ನಾನು ಹಾಕಿದ್ದು. ಗುರುವಾರದಿಂದ್ಲೂ ನಾನೇ."

ಹಾಲೇಶ ಅವಳ ಕಡೆ ನೋಡಲಿಲ್ಲ. ಮೆಲ್ಲನೆ ಮಂಡಿಯೂರಿ ಬಗ್ಗಿದ. ಅವನ ಒದ್ದೆ ಕೂದಲಿನಿಂದ ಒಂದು ಹನಿ ಗೆರೆಯ ಪಕ್ಕದಲ್ಲೇ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ಅವನು ಅಂಗೈ ಅಡ್ಡ ಹಿಡಿದಿದ್ದ.