ಇನ್ನೊಬ್ಬನ ಸಾಕ್ಷಿ

ಆ ಸೀಟೋನಿಗೆ ಹೇಳಿಕೊಳ್ಳಲು ಪಾಪವಾದರೂ ಇದೆ, ಎಂದುಕೊಂಡ ಮಾಕ್.

ವಿಕ್ಟೋರಿಯಾ ಪಟ್ಟಣದ ಚೀನೀ ಕೇರಿಯ ಪ್ರಾರ್ಥನಾಲಯದಲ್ಲಿ ಮಾಕ್ ಬೆಂಚು ಒರೆಸುತ್ತಿದ್ದ. ಹನ್ನೆರಡು ವರ್ಷದಿಂದ ಇಲ್ಲಿ ಉಪದೇಶಿ. ಹುಟ್ಟಿದ್ದೇ ಕ್ರೈಸ್ತನಾಗಿ, ಅಫೀಮಿನ ವಾಸನೆಯನ್ನು ಬೀದಿಯಲ್ಲಿ ಬಿಟ್ಟರೆ ಎಲ್ಲೂ ಕಂಡವನಲ್ಲ. ಇಂಗ್ಲಿಷು ಚೆನ್ನಾಗಿ ಬಲ್ಲ. ಅವನ ಉಪದೇಶಕ್ಕೆ ಜನ ಬರುತ್ತಿದ್ದರು, ತೂಕಡಿಸುತ್ತಿದ್ದರು, ಹೋಗುತ್ತಿದ್ದರು.

ಸೀಟೋ ಗಾಮ್ ಜೂಜುಕೋರನಾಗಿದ್ದವನು. ಚೀನೀ ಗಂಡಸರ ಉದ್ದ ಜಡೆ ಕತ್ತರಿಸಿಕೊಂಡು ದೀಕ್ಷೆ ಪಡೆದು ಇನ್ನೂ ವರ್ಷವಾಗಿಲ್ಲ. ಚಳಿಗಾಲದಲ್ಲಿ ಅವನು ಜ್ವರದಿಂದ ಮಲಗಿದಾಗ ಇಡೀ ಸಭೆ ಮೊಣಕಾಲೂರಿ ಪ್ರಾರ್ಥಿಸಿತ್ತು. ಅವನು ಸಭೆಯ ಮುಂದೆ ತನ್ನ ಹಳೆಯ ಪಾಪಗಳ ಸಾಕ್ಷಿ ಹೇಳಲು ನಿಂತರೆ ಹಿಂದಿನ ಗೋಡೆಗೊರಗಿದ ಲಾಂಡ್ರಿಯವರೂ ಅಳುತ್ತಾರೆ. ಹೋದ ವಾರ ಮಾಕನ ಹೆಂಡತಿಯೂ ಅತ್ತಳು. ಮನೆಗೆ ಬಂದು ಗಂಜಿ ಬಡಿಸುತ್ತ, "ಆ ಮನುಷ್ಯ ಎಷ್ಟು ಅನುಭವಿಸಿದಾನೆ ಅಲ್ವಾ," ಎಂದಳು.

ಗಂಜಿ ತಣ್ಣಗಾಗಿದೆ, ಎಂದ ಮಾಕ್.

ನನೈಮೋ ಗಣಿಯೂರಿನಲ್ಲಿ ಹೊಸ ಪ್ರಾರ್ಥನಾಲಯ ಏಳುತ್ತಿತ್ತು. ಅದನ್ನು ಯಾರಿಗೆ ಒಪ್ಪಿಸುವುದೆಂದು ಪಾದ್ರಿ ಹಾರ್ಕ್‌ನೆಸ್ ಇಂದು ಹೇಳಲಿದ್ದರು. ಮಿಷನ್ನಿಗೆ ನೆರವಾಗುವ ಬಿಳಿಯ ಹೆಂಗಸರೂ ಬರುವವರಿದ್ದರು. ಸೀಟೋ ಸಾಕ್ಷಿ ಹೇಳಬೇಕು. ಮಾಕ್ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು.

"ಮೇಷ್ಟ್ರೇ, ಸ್ವಲ್ಪ ಉಪ್ಪು ಖಾರ ಹಾಕಿ ಹೇಳಿ," ಎಂದ ಸೀಟೋ, ಕಾಲರು ಸರಿಮಾಡಿಕೊಳ್ಳುತ್ತ.

"ಇದ್ದದ್ದನ್ನ ಹೇಳ್ತೀನಿ."

"ಇದ್ದದ್ದು ಹೇಳಿದ್ರೆ ಆ ಅಮ್ಮಂದಿರು ಬಿಸ್ಕತ್ತು ತಿಂದು ಹೋಗ್ತಾರೆ ಅಷ್ಟೆ. ನಿಮ್ಮದೂ ಒಂದು ಯಾವತ್ತಾದ್ರೂ ಹೇಳ್ಬಾರದಾ?"

"ನಂದೇನೂ ಇಲ್ಲ."

"ಇಷ್ಟು ವಯಸ್ಸಾಯ್ತು, ಏನೂ ಇಲ್ವಾ?" ಸೀಟೋ ನಿಜವಾಗಿಯೂ ಮರುಗಿದ.

ಸಭೆ ಸೇರಿತು. ಸೀಟೋ ಒಂದು ಮಾತು, ಮಾಕ್ ಒಂದು ಮಾತು. ದುಭಾಷಿಗಳ ವಾಡಿಕೆಯಂತೆ ಮಾಕ್ 'ನಾನು' ಎಂದೇ ಹೇಳಿದ. ನಾನು ತಾಯಿಗೆ ಕಳಿಸಬೇಕಾದ ದುಡ್ಡನ್ನು ಜೂಜಿನಲ್ಲಿ ಕಳೆದೆ. ನನ್ನ ತಾಯಿ ಊರಿನಲ್ಲಿ ಹಸಿದು ಸತ್ತಳು. ಮುಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು. ಅವಳ ಕಣ್ಣು ಮಾಕನ ಮೇಲಿತ್ತು. ಅವನ ಮೈ ಜುಮ್ಮೆಂದಿತು.

ಸೀಟೋ ಮಾತು ಮುಗಿಸಿ ತಲೆಬಾಗಿದ. ಮಾಕ್ ನಿಲ್ಲಿಸಲಿಲ್ಲ.

"ನನಗೊಬ್ಬ ಜೊತೆಗಾರ ಇದಾನೆ," ಎಂದ ಇಂಗ್ಲಿಷಿನಲ್ಲಿ. "ಚೆನ್ನಾಗಿ ಮಾತಾಡ್ತಾನೆ. ಅವನಿಗೆ ಜ್ವರ ಬಂದಾಗ ಎಲ್ಲರ ಜೊತೆ ನಾನೂ ಮೊಣಕಾಲೂರಿದೆ. ಅವನು ಏಳದೇ ಇರ್ಲಿ ಅಂತ ಬೇಡಿಕೊಂಡೆ. ಈಗಲೂ ದಿನಾ ಬೇಡ್ಕೋತೀನಿ."

ಆ ವೇದಿಕೆಯಿಂದ ಮಾಕ್ ತನ್ನದೇ ಮಾತು ಆಡಿದ್ದು ಅದೇ ಮೊದಲು. ಬಿಳಿಯ ಹೆಂಗಸರು ಬಿಕ್ಕಿದರು. ಸೀಟೋ ಇಂಗ್ಲಿಷು ಅರ್ಥವಾಗದೆ, ವಿನಯದಿಂದ ತಲೆಯಾಡಿಸುತ್ತಿದ್ದ.

ಪಾದ್ರಿ ಎದ್ದು ಬಂದರು. ಮಾಕನನ್ನು ದಾಟಿ ಸೀಟೋನ ಎರಡೂ ಕೈ ಹಿಡಿದುಕೊಂಡರು. "ಇವನಲ್ಲಿ ಇಷ್ಟು ಆಳ ಇದೆ ಅಂತ ಗೊತ್ತಿರಲಿಲ್ಲ. ನನೈಮೋ ಇವನದೇ. ದೇವರು ಕ್ಷಮಿಸಿದಾನೆ ಅಂತ ಹೇಳು ಇವನಿಗೆ, ಮಾಕ್."

"ದೇವರು ನಿನ್ನ ಕ್ಷಮಿಸಿದಾನಂತೆ. ನನೈಮೋ ನಿಂದೇ."

"ಅಷ್ಟೊಂದು ಅತ್ರಲ್ಲ. ಏನು ಸೇರ್ಸಿದ್ರಿ ಮೇಷ್ಟ್ರೇ?"

"ಏನಿಲ್ಲ."

ಹೊರಡುವ ಹೊತ್ತಿಗೆ ಮಾಕ್ ಬಾಗಿಲ ಬಳಿ ನಿಂತು ಹೆಂಗಸರಿಗೆ ಕೋಟು ತೊಡಿಸುತ್ತಿದ್ದ. ಮುಂದಿನ ಸಾಲಿನಲ್ಲಿ ಅತ್ತಿದ್ದವಳು ಒಂದು ತೋಳು ತೂರಿಸಿದವಳೇ, ಏನೋ ನೆನಪಾಗಿ ಬಿಡಿಸಿಕೊಂಡು, ಸೀಟೋನ ಕೈ ಕುಲುಕಲು ಒಳಗೆ ಹೋದಳು. ಮಾಕ್ ಕೋಟಿನ ಎರಡೂ ಹೆಗಲು ಹಿಡಿದುಕೊಂಡು ಹಾಗೆಯೇ ನಿಂತಿದ್ದ. ಬಾಗಿಲಿನ ಗಾಳಿ ಅದರೊಳಗೆ ಹೊಕ್ಕಿತು. ಒಳಗೆ ಯಾರೋ ಇದ್ದಾರೆಂಬಂತೆ ಕೋಟು ಮೆಲ್ಲಗೆ ಉಬ್ಬಿತು.